ಪಾಟಾ ಚಾಕು

ಚಿಂಚೋಳಿ ಕ್ರಾಸಿನಾಗ ಬೈಲಕಂಬಾರರ ಹೆಣ್ಮಗಳು
ಬೆನ್ನಿಗೆ ಕೂಸು ಕಟಗೊಂಡು ಸುತ್ತಿಗಿ ಎತ್ತತಿದ್ದಳು,
ಗಂಡ ಇಕ್ಕಳ ಹಿಡದು ಕೂತಿದ್ದ, ಅಷ್ಟ.
ಮುರಿದ ಲಾರಿಯ ಪಾಟಾ ಕೆಂಪಾಗಿ, ತೆಳ್ಳಗಾಗಿ
ಎಣ್ಣಿ ಡಬ್ಬ್ಯಾಗ ಚೊಂಯ್ ಅಂತು.
ಎಂಬತ್ತು ರೂಪಾಯಿ. ಹಿಡಿ ನೀನೇ ಹಾಕ್ಕೋ, ಅಂದಳು.
ಹುಣಸಿ ಕಟ್ಟಿಗಿ ಹಾಕಿದೆ.
ಹನ್ನೊಂದು ವರ್ಷ ಆತು.

ಅಡವಿ ಕಾಯೋನಿಗೆ ಇಲಾಖೆ ಕೊಟ್ಟದ್ದು
ಒಂದು ಸೀಟಿ, ಒಂದು ಟಾರ್ಚು, ಬಣ್ಣ ಹೋದ ಟೊಪಗಿ.
ಉಳಿದದ್ದೆಲ್ಲ ಈ ಗೇಣುದ್ದದ ಕಬ್ಬಿಣ.
ಉಳ್ಳಾಗಡ್ಡಿ ಹೆಚ್ಚೂದು ಇದರಾಗ,
ಹಿಂಡಿ ಗಂಟು ಬಿಚ್ಚೂದು ಇದರಾಗ,
ಬೆಂಕಿ ಬಿದ್ದಾಗ ಬಡಿಯಾಕ ಹಸಿ ಟೊಂಗಿ ಕಡಿಯೂದು,
ಹಿಮ್ಮಡದಾಗ ಕಾರಿಮುಳ್ಳು ಮುರಿದ್ರ
ತುದಿ ಕಾಸಿ, ಹಲ್ಲು ಕಚ್ಚಿ, ಎಬ್ಬಿಸೂದು.
ಒಮ್ಮೆ ಗಾರ್ಡ್ ಸಾಹೇಬರ ಜೀಪಿನ ನಟ್ಟು ಕೂಡ.
(ಅವತ್ತು ತುದಿ ಜರಾ ಮುಕ್ಕಾತು. ಅವರಿಗೆ ಹೇಳಿಲ್ಲ.)

ಹೊಸದಾಗಿ ಬಂದ ತೌಫೀಕ, ಚಿಟಗುಪ್ಪಾದ ಹುಡುಗ,
ಅವನ ಚಾಕುವಿನ ಹಿಡ್ಯಾಗ ದಿಕ್ಸೂಚಿ,
ಅದರ ಹೊಟ್ಟ್ಯಾಗ ಗಾಳ, ಸೂಜಿ, ಆರು ಕಡ್ಡಿ.
ಚಂದ್ರಂಪಳ್ಳಿ ಕೆರಿ ದಂಡ್ಯಾಗ ಆ ರಾತ್ರಿ ಅಕಾಲ ಮಳಿ.
ಆರೂ ಕಡ್ಡಿ ಗೀರಿದ. ಆರೂ ಸತ್ತವು.
ಉತ್ತರ ದಿಕ್ಕು ಮಾತ್ರ ಭಾಳ ಚಂದ ತೋರಸ್ತಿತ್ತು.

ಬಾ ಇಲ್ಲಿ, ಅಂದೆ. ತೊಯ್ದದ್ದು ತೊಗಟಿ, ಮರ ಅಲ್ಲ.
ಚಾಕು ಆನಿಸು, ಬೆನ್ನಿನ ಮ್ಯಾಲ ಕೊರಡಿನಿಂದ ಬಡಿ,
ಕಲ್ಲಿನಿಂದ ಬಡೀಬ್ಯಾಡ, ಅದಕ್ಕೂ ಜೀವ ಅದ.
ಸೀಳಿದ ಒಳಗ ನೋಡು, ಒಣ ರೊಟ್ಟಿ ಬಣ್ಣ.
ಈಗ ಎರಿ. ಕಡೀಬ್ಯಾಡ, ಎರಿ.
ಕಳ್ಳ ಬಳ್ಳಿಯಂಗ ಸುರಳಿ ಸುರಳಿ ಏಳಬೇಕು,
ಉದುರಬಾರದು.
ಅವನ ನಾಲಗಿ ತುಟಿ ಅಂಚಿಗೆ ಬಂದಿತ್ತು,
ಮೊದಲ ಸಲ ಅಕ್ಷರ ತೀಡೋರಿಗೆ ಬರೂ ಹಂಗ.
ನನ್ನ ಹತ್ರ ಉಳಿದಿದ್ದ ಒಂದ ಕಡ್ಡಿ ಸಾಕಾತು.

ವಾಪಸ್ ಕೊಡುವಾಗ ಚಾಕು ಕೈಗೆ ನೀಡಿದ.
ಕೈಯಿಂದ ಕೈಗೆ ಕೊಡಬಾರದು, ಅಂದೆ,
ನೆಲಕ್ಕಿಡು, ನಾ ತಗೋತೀನಿ.
ಯಾಕ ಕಾಕಾ?
ಜಗಳ ಬರ್ತದಂತ.
ಅವ ನಕ್ಕ. ನಾ ನಗಲಿಲ್ಲ.

ಬೆಳಗಿನ ಸುತ್ತಿನಾಗ, ಮುತ್ತಲ ಪೊದಿ ಸಂದ್ಯಾಗ
ಮೊಲ.
ಕೊರಳಾಗ ನೈಲಾನು, ಕಣ್ಣು ಹೊರಗ,
ಇನ್ನೂ ಒದೀತಿತ್ತು.
ಚಾಕುವಿನ ಮುಕ್ಕು ತುದಿ ದಾರದ ಕೆಳಗ ತೂರಿಸಿದೆ,
ಚೂಪಿದ್ದರ ಚರ್ಮ ಹರೀತಿತ್ತು.
ಟಪ್ ಅಂತು. ಒಂದು ಗಳಿಗಿ ಹಂಗ ಕೂತಿತ್ತು,
ಓಡಬೇಕೋ ಬ್ಯಾಡೋ ಅಂಬೂ ಹಂಗ,
ಆಮ್ಯಾಲ ಇರಲಿಲ್ಲ.

ಬೇರಿಗೆ ಬಿಗದಿದ್ದ ಗಂಟು ಉಳೀತು.
ಸರಗುಣಿಕೆ. ಖರೆ ಎಡಮುರಿ.
ನಮ್ಮಪ್ಪ ಎಡಚ. ಅವನ ಕೈಯಿಂದ ನನ್ನ ಕೈಗೆ,
ನನ್ನ ಕೈಯಿಂದ, ಬಾವಿಗೆ ಕೊಡ ಇಳಿಸಾಕ ಬರಲಿ ಅಂತ,
ಅಕ್ಕನ ಮಗ ಮಾಣಿಕನ ಕೈಗೆ.
ಈ ಸೀಮ್ಯಾಗ ಮತ್ಯಾರೂ ಹಂಗ ಹಾಕೂದಿಲ್ಲ.

ಯಾರದಿರಬಹುದು ಕಾಕಾ? ತೌಫೀಕ ಕೇಳಿದ.
ಚಾಕು ಎತ್ತಿದೆ, ಮತ್ತ ಕೆಳಗಿಟ್ಟೆ.
ಆ ಗಂಟು ಕೊಯ್ಯಲಿಲ್ಲ, ಉಗುರಿನಿಂದ ಬಿಚ್ಚಿದೆ.
ಹೊತ್ತು ಹಿಡೀತು.

ಸಂಜೀಕ ಮಾಣಿಕನ ಮನಿ ಮುಂದ
ಫರಸಿ ಕಲ್ಲಿಗೆ ನೀರು ಚಿಮುಕಿಸಿ
ಚಾಕು ಮಸದೆ. ಈ ಕಡಿ ಹತ್ತು, ಆ ಕಡಿ ಹತ್ತು.
ಚಹಾ ತಂದು ಎದುರಿಗೆ ಕೂತ.
ಮಸದದ್ದನ್ನ ಇಬ್ಬರ ನಡುವ ಕಲ್ಲಿನ ಮ್ಯಾಲಿಟ್ಟೆ.
ಹುಣಸಿ ಹಿಡಿಗೆ ಹೊಸದಾಗಿ ಸುತ್ತಿದ ನೈಲಾನು,
ಹಸರು, ಒಂದು ಕಡಿ ಕೂದಲ ಅಂಟಿದ್ದು.

ಭಾಳ ಹೊತ್ತು ನೋಡಿದ.
ಹಿಡಿ ಜಾರ್ತಿತ್ತೇನು ಮಾವಾ? ಅಂದ.
ಹೂಂ, ಅಂದೆ. ಜಾರ್ತಿತ್ತು.

ಚಹಾ ಆರಿತ್ತು. ಕುಡದೆ.
ಚಾಕು ಅಲ್ಲೇ ಇತ್ತು,
ಇಬ್ಬರೂ ಮುಟ್ಟಲಿಲ್ಲ.